ಅಪ್ಪನ ಸಿಮ್ ಬಂದ್ ಮಾಡಿಸುವ ಮುನ್ನ

ಪ್ರಶ್ನೆ: ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಅಮ್ಮ ದಿನಾ ರಾತ್ರಿ ಅಪ್ಪನ ವಾಟ್ಸಾಪ್‌ಗೆ ‘ಊಟ ಆಯ್ತು ರೀ, ಮಲಗ್ತೀನಿ’ ಎಂದು ಬರೆಯುತ್ತಾರೆ, ಅವರ ಹಳೇ ವಾಯ್ಸ್ ಮೆಸೇಜ್ ಕೇಳುತ್ತಾ ಕೂರುತ್ತಾರೆ. ಸಿಮ್ ಬಂದ್ ಮಾಡಿಸಿದರೆ ತಾನಾಗಿ ಬಿಡುತ್ತಾರೆ ಎನ್ನುತ್ತಾನೆ ಅಣ್ಣ. ಏನು ಮಾಡಲಿ?

ಉತ್ತರ: ಸದ್ಯಕ್ಕಂತೂ ಬಂದ್ ಮಾಡಿಸಬೇಡಿ. ಬಂದ್ ಆದ ನಂಬರನ್ನು ಕಂಪನಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಅವರು ವಾಟ್ಸಾಪ್ ಹಾಕಿಕೊಂಡರೆ ಅಮ್ಮನ ಫೋನಿನಲ್ಲಿ ಅಪ್ಪನ ಹೆಸರಿನ ಪಕ್ಕ ಯಾರದೋ ಮುಖ ಬಂದು ಕೂರುತ್ತದೆ. ‘ಊಟ ಆಯ್ತು ರೀ’ ಎಂದದ್ದಕ್ಕೆ ‘ಯಾರು ನೀವು?’ ಎಂಬ ಉತ್ತರ ಬಂದರೆ ಆ ಜೀವ ಹೇಗೆ ತಡೆದೀತು?

ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯಿಲ್ಲದೆ ಬಿದ್ದಿದ್ದರೆ ಕಂಪನಿಯೇ ಬಂದ್ ಮಾಡಬಹುದು, ಆದ್ದರಿಂದ ಇವತ್ತೇ ರೀಚಾರ್ಜ್ ಮಾಡಿಸಿ. ಆಮೇಲೆ ಮರಣ ಪ್ರಮಾಣಪತ್ರ ತೆಗೆದುಕೊಂಡು ಕಂಪನಿಯ ಮಳಿಗೆಗೆ ಹೋಗಿ ನಂಬರನ್ನು ಮನೆಯವರೊಬ್ಬರ ಹೆಸರಿಗೆ ಮಾಡಿಸಿಕೊಳ್ಳಿ.

ವಾಟ್ಸಾಪ್ ಖಾತೆ 120 ದಿನ ನೆಟ್ ಕಾಣದಿದ್ದರೆ ಅಳಿಸಿಹೋಗುತ್ತದೆ. ಅಪ್ಪನ ಫೋನ್ ಆಫ್ ಆಗಿದ್ದರೆ ನಿಮಗೆ ಉಳಿದಿರುವುದು ಒಂದು ತಿಂಗಳಷ್ಟೇ. ಆದರೆ ಆನ್ ಮಾಡುವ ಮೊದಲು ಅಮ್ಮನಿಗೆ ಹೇಳಿ. ಇಷ್ಟು ದಿನ ಒಂದೇ ಟಿಕ್ ಇದ್ದ ಅವರ ಮೆಸೇಜುಗಳಲ್ಲಿ ಕಳೆದ 30 ದಿನಗಳವಕ್ಕೆ ಒಮ್ಮೆಲೇ ಎರಡು ಟಿಕ್ ಬೀಳುತ್ತವೆ. ಅಮ್ಮನ ಚಾಟ್ ಮಾತ್ರ ಯಾರೂ ತೆರೆಯಬೇಡಿ, ನೀಲಿ ಟಿಕ್ ಬಂದರೆ ಅವರ ಎದೆ ಒಡೆದೀತು. ಅದು ಅವರಿಬ್ಬರ ಮಾತು, ನಾವು ಓದುವುದು ಸರಿಯೂ ಅಲ್ಲ.

ಇನ್ನು ಆ ದನಿ. ಅಮ್ಮನ ಫೋನ್ ನೀರಿಗೆ ಬಿದ್ದರೆ ಅದೂ ಹೋಯಿತು. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಪ್ಪನ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ, ‘ಮೋರ್’, ‘ಎಕ್ಸ್‌ಪೋರ್ಟ್ ಚಾಟ್’, ‘ಇನ್‌ಕ್ಲೂಡ್ ಮೀಡಿಯಾ’ ಒತ್ತಿ ನಿಮ್ಮ ಇಮೇಲ್‌ಗೋ ಡ್ರೈವ್‌ಗೋ ಕಳಿಸಿಕೊಳ್ಳಿ. ಚಾಟ್ ದೊಡ್ಡದಿದ್ದರೆ ಹಳೆಯವು ಬಿಟ್ಟುಹೋಗುತ್ತವೆ. ಹಾಗಾಗಿ ಕೇಬಲ್ ಹಾಕಿ ‘ವಾಟ್ಸಾಪ್ ವಾಯ್ಸ್ ನೋಟ್ಸ್’ ಫೋಲ್ಡರನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅಲ್ಲಿ ಎಲ್ಲರ ದನಿಯೂ ಬೆರೆತಿರುತ್ತದೆ, ಆದರೆ ಫೈಲಿನ ಹೆಸರಲ್ಲೇ ತಾರೀಕು ಇರುವುದರಿಂದ ಹುಡುಕಬಹುದು. ವಿಎಲ್‌ಸಿ ಪ್ಲೇಯರಿನಲ್ಲಿ ಕೇಳಿಸುತ್ತದೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇರಲಿ.

ಅಣ್ಣನಿಗೆ ಒಂದು ಮಾತು. ಅಮ್ಮ ಬರೆಯುವುದು ಕಾಯಿಲೆಯಲ್ಲ, ಫೋಟೋದ ಮುಂದೆ ನಿಂತು ಮಾತಾಡಿದ ಹಾಗೆಯೇ. ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಉತ್ತರ ಬರುತ್ತದೆಂದು ನಿಜವಾಗಿ ಕಾಯತೊಡಗಿದರೆ ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.