ಅಯ್ಯನವರೇ, ಇದಕ್ಕೆ ಎಂತ ಹೇಳ್ತೀರಿ?

ನಾಲ್ಕು ಜನರ ಎದುರು ನಿಂತು ಮಾತಾಡುವುದೇ ಕೆಲಸವಾಗಿರುವವರು ಈಚಿನ ವರ್ಷಗಳಲ್ಲಿ ಒಂದೇ ಬಗೆಯ ಸಂಕಟ ಹೊತ್ತು ಆಪ್ತಸಲಹೆಗೆಂದು ನನ್ನ ಬಳಿಗೆ ಬರುತ್ತಿದ್ದಾರೆ. ಶಾಲೆಯ ಮುಖ್ಯೋಪಾಧ್ಯಾಯರು, ದೇವಸ್ಥಾನದ ಸಮಿತಿಯವರು, ಮದರಸದ ಉಸ್ತಾದರು, ಚರ್ಚಿನ ಸಭಾಪಾಲಕರು. ರಾತ್ರಿ ನಿದ್ದೆಯಿಲ್ಲ, ಎದೆ ಬಿಗಿಯುತ್ತದೆ, ಫೋನು ಸದ್ದು ಮಾಡಿದರೆ ಹೊಟ್ಟೆ ತೊಳಸುತ್ತದೆ. ವೈದ್ಯರು ಇಸಿಜಿ ತೆಗೆದು, ಹೃದಯಕ್ಕೆ ಏನೂ ಆಗಿಲ್ಲವೆಂದು ಹೇಳಿ ಕಳಿಸಿರುತ್ತಾರೆ. ಕೂರಿಸಿ ಕೇಳಿದರೆ ವಿಷಯ ಒಂದೇ. ದೇಶದಲ್ಲಿ ಏನೇ ನಡೆಯಲಿ, ಸಂಜೆಯೊಳಗೆ ಅವರು ಅದರ ಬಗ್ಗೆ ಏನಾದರೂ ಹೇಳಲೇಬೇಕು. ಹೇಳಿದರೆ ಒಂದು ಕಡೆಯವರಿಗೆ ಸಿಟ್ಟು, ಹೇಳದಿದ್ದರೆ ಇನ್ನೊಂದು ಕಡೆಯವರಿಗೆ.

ಅವರಲ್ಲಿ ಒಬ್ಬ ಪಾಸ್ಟರರ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅವರು ಓದಿ ಒಪ್ಪಿದ್ದಾರೆ.

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಸಣ್ಣ ಚರ್ಚು, ಅವರ ಮಾತಿನಲ್ಲಿ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಮನೆತನಗಳು. ಮನೆಯಲ್ಲಿ ತುಳು, ಆರಾಧನೆ ಕನ್ನಡದಲ್ಲಿ, ಮಕ್ಕಳ ಓದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಸಭೆಯವರು ಅಯ್ಯನವರು ಎಂದು ಕರೆಯುವ ಪಾಸ್ಟರರಿಗೆ ನಲವತ್ತು ದಾಟಿದೆ. ಓದುವ ಮನುಷ್ಯ, ಪ್ರಸಂಗಕ್ಕೆ, ಅಂದರೆ ಚರ್ಚಿನ ಪ್ರವಚನಕ್ಕೆ, ಶ್ರದ್ಧೆಯಿಂದ ತಯಾರಾಗುವವರು.

2020ರ ಲಾಕ್‌ಡೌನಿನಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಅವರು ವಾಟ್ಸಾಪ್ ಗುಂಪಿಗೆ ದಿನಾ ಸಂಜೆ ಒಂದು ಧ್ವನಿಸಂದೇಶ ಕಳಿಸಲು ಶುರು ಮಾಡಿದರು. ಆ ದಿನಗಳು ಗಡಿಯ ಈಚೆಗಿನ ನಮಗೆ ಮರೆಯುವಂಥವಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು, ಆದರೆ ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆ ಮಂಗಳೂರಿನದೇ. ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರಿದ್ದಾರೆ. ಪಾಸ್ಟರರ ಆಗಿನ ಸಂದೇಶಗಳು ಅವರ ಫೋನಿನಲ್ಲಿ ಇನ್ನೂ ಇದ್ದವು, ನಾನು ಕೇಳಿದ್ದೇನೆ. ಯಾರಿಗೆ ಇನ್ಸುಲಿನ್ ಬೇಕು, ಯಾರ ಡಯಾಲಿಸಿಸ್ ತಪ್ಪಿದೆ, ಯಾರ ಮಗ ಕುವೈತಿನ ರೂಮಿನಲ್ಲಿ ಒಬ್ಬನೇ ಜ್ವರದಲ್ಲಿ ಮಲಗಿದ್ದಾನೆ ಎಂದು ಹೇಳಿ, ಒಂದು ಸಣ್ಣ ಪ್ರಾರ್ಥನೆ. ಪ್ರತಿ ಸಂದೇಶದಲ್ಲೂ ಹೆಸರುಗಳಿದ್ದವು.

ಕ್ರಮೇಣ ಹೆಸರುಗಳು ಹೋದವು, ಸುದ್ದಿಗಳು ಬಂದವು. ಚುನಾವಣೆ, ಕೋರ್ಟಿನ ತೀರ್ಪು, ಕರ್ನಾಟಕದ ಮತಾಂತರ ಕಾಯಿದೆ, ಯಾವುದೋ ಸಿನಿಮಾದ ಗಲಾಟೆ, ಯುಕ್ರೇನ್. ಸಂದೇಶ ಗಲ್ಫಿಗೆ ಹೋಯಿತು, ಬೇರೆ ಸಭೆಗಳ ಗುಂಪಿಗೆ ಹೋಯಿತು. ಹೊಗಳಿಕೆ ಬಂತು, ಅದರ ಬೆನ್ನಿಗೇ ಬೈಗುಳವೂ ಬಂತು. ನಿದ್ದೆ ಹೋದದ್ದು ಅಲ್ಲಿಂದ.

ಮೊದಲ ಭೇಟಿಗಳಲ್ಲಿ ನಡೆದದ್ದನ್ನು ಬರೆಯುವ ಅಗತ್ಯವಿಲ್ಲ. ಉಸಿರಾಟದ ಅಭ್ಯಾಸ, ಮಲಗುವ ಹೊತ್ತಿನ ಶಿಸ್ತು, ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಇಡುವುದು. ಸ್ವಲ್ಪ ಗುಣ ಕಂಡಿತು, ನಿಲ್ಲಲಿಲ್ಲ. ಪ್ರಕರಣ ತಿರುಗಿದ್ದು 2023ರ ಆಗಸ್ಟಿನ ಒಂದು ಸಂಜೆ.

ಅಂದು ಅವರು ಬಂದದ್ದೇ ಬಳಲಿ. ಮಣಿಪುರದ ಬಗ್ಗೆ ಅವರು ಹೇಳಿದ್ದು ಸಾಲದೆಂದು ಒಬ್ಬ ಹಿರಿಯರು, ಹೆಚ್ಚಾಯಿತೆಂದು ಇನ್ನೊಬ್ಬರು, ಇಬ್ಬರೂ ಮನೆಗೇ ಬಂದು ಜಗಳ ಮಾಡಿ ಹೋಗಿದ್ದರು. "ನಾನು ಯಾರಿಗಾಗಿ ಮಾತಾಡುದು ಮೇಡಂ?" ಎಂದರು. ನಾನು ಉತ್ತರ ಕೊಡದೆ, ಆ ವಿಷಯದಲ್ಲಿ ಯಾರಾದರೂ ಅವರನ್ನು ಕೇಳಿದ ಒಂದು ಪ್ರಶ್ನೆಯನ್ನು ಫೋನಿನಿಂದ ಓದಲು ಹೇಳಿದೆ. ಹುಡುಕಿ ಓದಿದರು. ಇಬ್ಬರು ಹೆಂಗಸರ ಮೇಲಿನ ದೌರ್ಜನ್ಯದ ವಿಡಿಯೊ ಹೊರಬಂದ ಜುಲೈ 19ರ ಮರುದಿನ ಬಂದ ಸಂದೇಶ:

"ಅಯ್ಯನವರೇ, ಇದಕ್ಕೆ ಎಂತ ಹೇಳ್ತೀರಿ? ನೋಡಿ ಕೈಕಾಲು ನಡುಗ್ತದೆ."

ಅದಕ್ಕೆ ಅವರು ಕೊಟ್ಟ ಉತ್ತರವನ್ನೂ ಕೇಳಿಸಿದರು. ಉದ್ದವಾಗಿತ್ತು. ಮೇ 3ರಂದು ಹಿಂಸೆ ಶುರುವಾದ ಬಗೆ, ಮೈತೇಯಿ ಮತ್ತು ಕುಕಿ ಜನರ ನಡುವಿನ ಹಳೆಯ ತಕರಾರು, ಸುಟ್ಟುಹೋದ ಚರ್ಚುಗಳು, ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೆಯ ವಿಧಿ, ಆದಿಸಭೆಯವರು ಅನುಭವಿಸಿದ ಹಿಂಸೆ. ಸುಳ್ಳಿರಲಿಲ್ಲ, ದ್ವೇಷವಿರಲಿಲ್ಲ. ಓದಿಕೊಂಡು, ತೂಗಿ ಆಡಿದ ಮಾತು.

"ಕೇಳಿದವರು ಯಾರು?"

"ನಮ್ಮ ಸಭೆಯ ಒಬ್ಬರು ಅಕ್ಕ. ಬೀಡಿ ಕಟ್ತಾರೆ."

"ಅವರು ಯಾಕೆ ಕೇಳಿದ್ದು?"

"ಎಲ್ಲರೂ ಕೇಳ್ತಾರಲ್ಲ ಮೇಡಂ."

"ಎಲ್ಲರದ್ದು ಬೇಡ ಪಾಸ್ಟರೇ. ಈ ಅಕ್ಕ ಯಾಕೆ ಕೇಳಿದರು?"

ಅವರು ಫೋನನ್ನೇ ನೋಡುತ್ತಾ ಕೂತರು. ಆಮೇಲೆ, "ಅವರ ಮಗಳು ನರ್ಸ್. ಗುವಾಹಟಿಯಲ್ಲಿ ಕೆಲಸ" ಎಂದರು. ಅದರ ಹಿಂದೆಯೇ, "ಆದರೆ ಅದು ಅಸ್ಸಾಂ. ಮಣಿಪುರ ಅಲ್ಲ."

"ನನಗೆ ಗೊತ್ತುಂಟು, ನಿಮಗೆ ಗೊತ್ತುಂಟು. ಆ ಅಕ್ಕನಿಗೆ?"

ಅವರ ಮುಖ ಕೆಂಪಾಯಿತು. ಸ್ವಲ್ಪ ಏರಿದ ದನಿಯಲ್ಲೇ ಹೇಳಿದರು: "ನಾನು ಆ ಹೊತ್ತಿಗೆ ಹೇಳದಿದ್ದರೆ ಯೂಟ್ಯೂಬಿನವರು ಹೇಳ್ತಾರೆ. ನನ್ನ ಜನ ಅವರದ್ದನ್ನೇ ನಂಬ್ತಾರೆ. ಆಮೇಲೆ ನಾನು ಭಾನುವಾರ ಯಾರಿಗೆ ಪ್ರಸಂಗ ಮಾಡ್ಲಿ?"

ಅವರ ಎದೆಯ ಬಿಗಿತದ ಬೇರು ನನಗೆ ಕಂಡದ್ದು ಈ ಮಾತಿನಲ್ಲಿ. ಅವರಿಗೆ ಹೆಸರಿನ ಆಸೆ ಇರಲಿಲ್ಲ. ತನ್ನ ಜನ ತನ್ನ ಕೈತಪ್ಪಿ ಹೋಗುತ್ತಾರೆಂಬ ಭಯವಿತ್ತು. ಆ ಭಯದಲ್ಲಿ, ದಿನವಿಡೀ ಕ್ಯಾಮೆರಾದ ಎದುರೇ ಕೂತಿರುವವರ ಜೊತೆ ಓಟಕ್ಕೆ ಬಿದ್ದಿದ್ದರು. ನಾನು ಕೇಳಿದೆ: "ಯೂಟ್ಯೂಬಿನವರಿಗೆ ಆ ಅಕ್ಕನ ಮಗಳು ಗುವಾಹಟಿಯಲ್ಲಿ ಇರುವುದು ಗೊತ್ತುಂಟಾ?"

ಅವರು ಅಲ್ಲೇ, ನನ್ನ ಎದುರಿಗೇ ಆ ಅಕ್ಕನಿಗೆ ಫೋನು ಮಾಡಿದರು. ತುಳುವಿನಲ್ಲಿ ಕೇಳಿದ್ದು ಇಷ್ಟೇ, ಮಗಳು ಹೇಗಿದ್ದಾಳೆ ಎಂದು. ಆ ಕಡೆಯಿಂದ ಮಾತು ನಿಲ್ಲದೆ ಹರಿಯಿತು. ಮಗಳು ರಾತ್ರಿ ಪಾಳಿಯಲ್ಲಿ ಫೋನು ತೆಗೆಯುವುದಿಲ್ಲ, ಬಾ ಎಂದರೆ ಬರುವುದಿಲ್ಲ, ಗಂಡನಿಗೆ ಹೇಳಿದರೆ ಬೈಯುತ್ತಾರೆ, ಅಯ್ಯನವರು ಒಂದು ಮಾತು ಅವಳಿಗೆ ಹೇಳಬಹುದೇ ಎಂದು ಅಂದು ಕೇಳಿದ್ದು. ಹಿಂಸೆ ಶುರುವಾದಂದಿನಿಂದ ಆ ತಾಯಿ ನೆಟ್ಟಗೆ ಮಲಗಿರಲಿಲ್ಲ. ಪಾಸ್ಟರರು ಮರುದಿನ ಮಗಳೊಂದಿಗೆ ಮಾತಾಡಿದರು. ಅವಳು ವಾಪಸ್ಸು ಬರಲಿಲ್ಲ. ಆದರೆ ದಿನಾ ಬೆಳಿಗ್ಗೆ ಪಾಳಿ ಮುಗಿಸಿದ ಕೂಡಲೇ ಅಮ್ಮನಿಗೆ ಒಂದು ಸಂದೇಶ ಹಾಕಲು ಒಪ್ಪಿದಳು.

ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಮನದಟ್ಟಾದದ್ದನ್ನು ಬಿಚ್ಚಿ ಹೇಳುತ್ತೇನೆ. ನಂಬಿದವರ ಬಳಿಗೆ ಸುದ್ದಿ ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಅಭಿಪ್ರಾಯ ಬೇಕಾಗಿಲ್ಲ. ಅದು ಟಿವಿಯಲ್ಲಿ ಧಾರಾಳ ಸಿಗುತ್ತದೆ. ಅವರಿಗೆ ಹೆದರಿಕೆಯಾಗಿದೆ, ಅದನ್ನು ನೇರವಾಗಿ ಹೇಳಲು ನಾಚಿಕೆ. ಶಾಲೆಯ ಮಕ್ಕಳಲ್ಲಿ ಇದು ಇನ್ನೂ ಸ್ಪಷ್ಟ. "ಟೀಚರ್, ಯುದ್ಧ ಆಗ್ತದಾ?" ಎಂದು ಕೇಳುವ ಹುಡುಗನ ಅಪ್ಪ ದುಬೈಯಲ್ಲಿರುತ್ತಾನೆ. ಟೀಚರು ಭೂಪಟ ಬಿಡಿಸಿ ವಿವರಿಸಿದಷ್ಟೂ ಹುಡುಗನ ಹೆದರಿಕೆ ಹೆಚ್ಚುತ್ತದೆ.

ಹಾಗಾಗಿ ನನ್ನ ಸಲಹೆ ಹೀಗಿತ್ತು. ಯಾರಾದರೂ ಒಂದು ಘಟನೆಯ ಬಗ್ಗೆ ಕೇಳಿದರೆ ಉತ್ತರಿಸುವ ಮೊದಲು, ಅದು ಅವರಿಗೆ ಎಲ್ಲಿ ತಾಗಿತು ಎಂದು ಕೇಳಿ. ಗುಂಪಿನಲ್ಲಿ ಬೇಡ, ಫೋನಿನಲ್ಲೋ ಮನೆಯಲ್ಲೋ. ಸಂಜೆಯ ಸಂದೇಶ ನಿಲ್ಲಿಸಬೇಡಿ, ಆದರೆ 2020ರ ರೂಪಕ್ಕೆ ತನ್ನಿ, ಸಭೆಯವರ ಹೆಸರುಗಳಿರಲಿ. ಲೋಕದ ವಿಷಯ ಮಾತಾಡಲೇಬೇಕಾದಾಗ ಭಾನುವಾರದವರೆಗೆ ಕಾದು, ವಿಷಯ ಖಾತ್ರಿ ಮಾಡಿಕೊಂಡು, ಜನರ ಮುಖ ನೋಡುತ್ತಾ ಪ್ರಸಂಗಪೀಠದಿಂದಲೇ ಮಾತಾಡಿ.

ಕೊನೆಯದನ್ನು ಅವರು ಸುಲಭಕ್ಕೆ ಒಪ್ಪಲಿಲ್ಲ. "ಪ್ರವಾದಿ ಆಮೋಸನು ಭಾನುವಾರಕ್ಕೆ ಕಾಯಲಿಲ್ಲ ಮೇಡಂ" ಎಂದರು. ನಾನು ಕ್ರೈಸ್ತಳಲ್ಲ. ಆಮೋಸನು ಯಾರೆಂದು ಅವರೇ ಹೇಳಿದರು: ತೆಕೋವದ ಕುರುಬ, ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರುವವರ ವಿರುದ್ಧ ಎದ್ದು ನಿಂತವನು. ಆ ಬಡವರನ್ನು ಅವನು ಕಣ್ಣಾರೆ ನೋಡಿದ್ದನೋ, ಯಾರೋ ಕಳಿಸಿದ್ದನ್ನು ಮುಂದಕ್ಕೆ ಕಳಿಸಿದನೋ ಎಂದು ಕೇಳಿದೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳನ್ನು ನೋಡಿ ನೋಡಿ, ಇದು ಸಹಜವಲ್ಲವೆಂದು ಗುರುತಿಸಿದರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು. ಪಕ್ಕದ ಮನೆಯ ಮಗುವನ್ನು ನೋಡಿ ಆಡಿದ ಮಾತು ದಿಲ್ಲಿಯವರೆಗೂ ಹೋಯಿತು. ಪಾಸ್ಟರರ ಸಭೆಯ ವ್ಯಾಪ್ತಿಯಲ್ಲೂ ಅಂಥ ಮನೆಗಳಿವೆ. ಅವುಗಳ ಬಗ್ಗೆ ಅವರ ಧ್ವನಿಸಂದೇಶಗಳಲ್ಲಿ ಒಂದು ಮಾತೂ ಇರಲಿಲ್ಲ, ಏಕೆಂದರೆ ಅದು ಆ ದಿನದ ಸುದ್ದಿಯಾಗಿರಲಿಲ್ಲ.

ಈ ಸಲಹೆಯನ್ನು ನನ್ನ ವೃತ್ತಿಯವರೇ ಕೆಲವರು ಆಕ್ಷೇಪಿಸಿದ್ದಾರೆ. ಅಲ್ಪಸಂಖ್ಯಾತರು ಅಂಜಿಕೆಯಲ್ಲಿರುವ ಕಾಲದಲ್ಲಿ ಅವರ ಒಬ್ಬ ಪಾಸ್ಟರರ ಬಾಯಿಗೆ ಬೀಗ ಹಾಕಿದ ಹಾಗಾಗಲಿಲ್ಲವೇ ಎಂದು. ನಾನು ಒಪ್ಪುವುದಿಲ್ಲ. ಅವರ ಅಂಜಿಕೆ ಸುಳ್ಳೆಂದು ನಾನು ಯಾವತ್ತೂ ಹೇಳಿಲ್ಲ. ಅದು ನಿಜವಾದ್ದರಿಂದಲೇ ಈ ಸಲಹೆ. ಹೆದರಿದ ಜನರಿಗೆ ದಿನಾ ಸಂಜೆ ಹೆದರಿಕೆಯ ಹೊಸ ಕಾರಣ ಕೊಟ್ಟರೆ ಧೈರ್ಯ ಬರುವುದಿಲ್ಲ. ಮಣಿಪುರದ ಬಗ್ಗೆ ಮೌನವಾಗಿರಿ ಎಂದೂ ನಾನು ಹೇಳಿಲ್ಲ. ಆ ತಿಂಗಳು ಅವರು ಪ್ರಸಂಗಪೀಠದಿಂದ ಮಾತಾಡಿದರು, ಸತ್ತವರಿಗಾಗಿ ಎರಡೂ ಸಮುದಾಯಗಳ ಹೆಸರೆತ್ತಿ ಪ್ರಾರ್ಥಿಸಿದರು. ಅದು ಯಾರಿಗೂ ಅಡಗಿಸಿ ಆಡಿದ ಮಾತಲ್ಲ.

ಸಲಹೆ ಎಷ್ಟು ಗಟ್ಟಿ ಎಂದು ತಿಳಿದದ್ದು ಮರುವರ್ಷದ ಜುಲೈಯಲ್ಲಿ. 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಕೋಝಿಕ್ಕೋಡಿನ ಲಾರಿ ಚಾಲಕನನ್ನು ಹುಡುಕುವ ವಿಷಯದಲ್ಲಿ ಕನ್ನಡಿಗರು, ಮಲಯಾಳಿಗಳು ಫೋನಿನಲ್ಲೇ ಕಿತ್ತಾಡಿದರು. ಎರಡೂ ಭಾಷೆಯವರಿರುವ ಇವರ ಗುಂಪಿಗೂ ಜಗಳ ಬಂತು. ಅದು ಆರುವ ಮೊದಲೇ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. 250ಕ್ಕೂ ಹೆಚ್ಚು ಜನ ಸತ್ತರು. ಮಧ್ಯಾಹ್ನದೊಳಗೆ ಯಾರೋ ಒಬ್ಬ ಬೋಧಕ ಇದು ದೇವರ ಶಿಕ್ಷೆ ಎಂದ ವಿಡಿಯೊ ಗುಂಪಿಗೆ ಬಿತ್ತು. ಅಯ್ಯನವರೇ, ಇದಕ್ಕೆ ಎಂತ ಹೇಳ್ತೀರಿ ಎಂಬ ಪ್ರಶ್ನೆಯೂ ಬಂತು.

ಅವರು ಅಂದು ಕಳಿಸಿದ್ದು ಎರಡು ಸಾಲು. ವಯನಾಡಿನಲ್ಲಿ ಯಾರ ಸಂಬಂಧಿಕರಿದ್ದಾರೆ, ತಿಳಿಸಿ. ನಾನು ಫೋನು ಮಾಡುತ್ತೇನೆ. ಆಗಸ್ಟ್ 4ರ ಭಾನುವಾರ ಲೂಕನ ಸುವಾರ್ತೆಯ 13ನೆಯ ಅಧ್ಯಾಯ ಓದಿದರು. ಅದನ್ನು ನನಗೆ ವಿವರಿಸುವಾಗ ಅವರ ದನಿಯಲ್ಲಿ ಹಳೆಯ ಉತ್ಸಾಹವಿತ್ತು. ಜನ ಯೇಸುವಿನ ಬಳಿಗೂ ಆ ದಿನದ ಸುದ್ದಿ ತಂದಿದ್ದರಂತೆ, ರೋಮನ್ ರಾಜ್ಯಪಾಲ ಪಿಲಾತನು ಗಲಿಲಾಯದವರನ್ನು ಕೊಲ್ಲಿಸಿದ ಸುದ್ದಿ. ಆಗ ಯೇಸು, ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯವನ್ನೂ ತಾವಾಗಿ ಎತ್ತಿ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂದು ಎಣಿಸುತ್ತೀರೋ ಎಂದು ಕೇಳಿ, ಅಲ್ಲ ಎಂದರಂತೆ. ಕೇಳುತ್ತಿದ್ದವರನ್ನೇ ಮನಸ್ಸು ತಿರುಗಿಸಿಕೊಳ್ಳಿ ಎಂದರಂತೆ. ಈ ಭಾಗ ಆರಿಸಿದ್ದು ಅವರೇ. ನಾನು ಧರ್ಮಗ್ರಂಥದೊಳಗೆ ಕೈಯಿಟ್ಟೆನೆಂಬ ದೂರಿಗೆ ಇಷ್ಟು ಉತ್ತರ ಸಾಕು.

ನಿದ್ದೆ ಮೊದಲಿಗಿಂತ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ. ಗಲ್ಫಿನ ಕೆಲವರು ಗುಂಪು ಬಿಟ್ಟರು. ಒಬ್ಬ ಹಿರಿಯರಂತೂ ಅಯ್ಯನವರು ಹೆದರಿ ಬಾಯಿ ಮುಚ್ಚಿದ್ದಾರೆಂದು ಈಗಲೂ ಹೇಳುತ್ತಾರೆ, ಕಮಿಟಿಯಲ್ಲಿ ವಿಷಯ ಎತ್ತಿದ್ದಾರೆ. ಆ ಹಿರಿಯರೊಂದಿಗೂ ಒಮ್ಮೆ ಅದೇ ಪ್ರಶ್ನೆಯಿಂದ ಮಾತು ಶುರು ಮಾಡಿ, ನಿಮಗೆ ಎಲ್ಲಿ ತಾಗುತ್ತಿದೆ ಎಂದು ಕೇಳಿ ಎಂದು ಪಾಸ್ಟರರಿಗೆ ಹೇಳಿದ್ದೇನೆ. ಅದು ಎಲ್ಲಕ್ಕಿಂತ ಕಷ್ಟ ಮೇಡಂ ಎಂದರು. ಕಮಿಟಿ ಸೇರುವ ಮೊದಲು ಅವರ ಮನೆಗೆ ಹೋಗಿ ಬರುತ್ತೇನೆಂದು ಒಪ್ಪಿದ್ದಾರೆ.