ಪರಿಮಳವೇ ಮದ್ದಲ್ಲ: ‘ಲಿಲಿ ಆಫ್ ದ ವ್ಯಾಲಿ’ ಲೇಖನದ ಕುರಿತು

ಮಾನ್ಯರೇ,

ಗಂಟೆಯಾಕಾರದ ಪುಟ್ಟ ಬಿಳಿ ಹೂಬಿಡುವ ಯುರೋಪಿನ ಗಿಡ ಲಿಲಿ ಆಫ್ ದ ವ್ಯಾಲಿಯ ಪರಿಮಳ ಮತ್ತು ಔಷಧೀಯ ಗುಣಗಳ ಬಗ್ಗೆ ತಾವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡುವಂಥ ಬರಹವೂ ಅದಲ್ಲವಾದ್ದರಿಂದ, ಎಲ್ಲಿ ಎಡವಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಈ ಹೂವಿನ ಪರಿಮಳವನ್ನು ಆಘ್ರಾಣಿಸಿದರೆ ಹೃದಯಕ್ಕೆ ಬಲ ಬರುತ್ತದೆ ಎಂಬುದು ತಮ್ಮ ಲೇಖನದ ನಡುಗಂಬ, ಮತ್ತು ಆ ಕಂಬವೇ ನಿಲ್ಲುವಂಥದ್ದಲ್ಲ. ಮೂಗಿಗೆ ಮುಟ್ಟುವುದು ಸುಲಭವಾಗಿ ಆವಿಯಾಗುವ ಸಣ್ಣ ಅಣುಗಳು: ಬೆಂಜೈಲ್ ಆಲ್ಕೊಹಾಲ್, ಸಿಟ್ರೊನೆಲೊಲ್, ಜೆರೇನಿಯಾಲ್, ಅತ್ಯಲ್ಪ ಪ್ರಮಾಣದ ಡೈಹೈಡ್ರೊಫಾರ್ನೆಸಾಲ್ ಮುಂತಾದವು. ಹೃದಯದ ಮೇಲೆ ಪರಿಣಾಮ ಬೀರುವುದು ಕಾನ್ವಲಟಾಕ್ಸಿನ್ ಮತ್ತು ಅದರ ಬಳಗದ ಗ್ಲೈಕೊಸೈಡುಗಳು. ಇವು ಸ್ಟೆರಾಯ್ಡ್ ಚೌಕಟ್ಟಿಗೆ ಸಕ್ಕರೆಯ ಅಣು ಕೂಡಿಕೊಂಡಿರುವ ಭಾರವಾದ ಸಂಯುಕ್ತಗಳಾದ್ದರಿಂದ ಗಾಳಿಗೆ ಏಳುವುದಿಲ್ಲ, ಅವುಗಳಿಗೆ ಪರಿಮಳವೂ ಇಲ್ಲ. ಒಂದೇ ಗಿಡದಲ್ಲಿ ಇವೆರಡೂ ಇವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ತಾವು ಕಲ್ಪಿಸಿರುವ ಸಂಬಂಧವಿಲ್ಲ. ಲೇಖನವನ್ನು ಈ ಭೇದದ ಮೇಲೆಯೇ ಮರಳಿ ಕಟ್ಟಬೇಕು.

‘ಈ ಹೂವಿನಿಂದ ಭಟ್ಟಿ ಇಳಿಸಿದ ತೈಲವೇ ಜಗತ್ಪ್ರಸಿದ್ಧ ಸುಗಂಧದ್ರವ್ಯಗಳ ಆಧಾರ’ ಎಂದು ಮೂರನೆಯ ಪುಟದಲ್ಲಿ ಬರೆದಿದ್ದೀರಿ. ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ, ಮತ್ತು ತಮ್ಮ ವಾಕ್ಯಕ್ಕಿಂತ ಎಷ್ಟೋ ಸ್ವಾರಸ್ಯಕರವಾಗಿದೆ. ಈ ಹೂವು ವ್ಯಾಪಾರಕ್ಕೆ ಒದಗುವಷ್ಟು ತೈಲವನ್ನು ಬಿಟ್ಟುಕೊಡುವುದಿಲ್ಲ. ಸುಗಂಧ ತಯಾರಕರು ಇಂಥವನ್ನು ‘ಮೂಕ ಹೂವು’ಗಳ ಸಾಲಿಗೆ ಸೇರಿಸುತ್ತಾರೆ. ಬಾಟಲಿಯಲ್ಲಿ ಸಿಗುವ ಪರಿಮಳ ಪ್ರಯೋಗಾಲಯದಲ್ಲಿ ಕಟ್ಟಿದ್ದು. 20ನೆಯ ಶತಮಾನದ ಮೊದಲ ದಶಕದಲ್ಲಿ ಮಾರುಕಟ್ಟೆಗೆ ಬಂದ ಹೈಡ್ರಾಕ್ಸಿಸಿಟ್ರೊನೆಲಾಲ್ ಎಂಬ ಕೃತಕ ಸಂಯುಕ್ತ ಆ ಕೆಲಸಕ್ಕೆ ದಾರಿ ಮಾಡಿತು. ಆಮೇಲೆ ಲಿಲಿಯಾಲ್, ಲೈರಾಲ್ ಮುಂತಾದವು ಬಂದವು. 1956ರಲ್ಲಿ ಫ್ರೆಂಚ್ ಸುಗಂಧ ತಯಾರಕ ಎಡ್ಮಂಡ್ ರುಡ್ನಿಟ್ಸ್ಕಾ ರೂಪಿಸಿದ ‘ಡಿಯೊರಿಸ್ಸಿಮೊ’ ಸುಗಂಧದ್ರವ್ಯವನ್ನು ಈ ಹೂವಿನ ಅತ್ಯಂತ ನಿಜವಾದ ಪ್ರತಿರೂಪವೆಂದು ಬಲ್ಲವರು ಇಂದಿಗೂ ಹೊಗಳುತ್ತಾರೆ. ಆದರೆ ಕೃತಕ ಪರಿಮಳದ ಈ ಕಥೆಗೂ ಕಹಿಯಾದ ಮುಂದುವರಿಕೆಯಿದೆ. ಚರ್ಮದ ಅಲರ್ಜಿಯ ಕಾರಣದಿಂದ ಲೈರಾಲನ್ನೂ, ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕೃತವಾದ ಮೇಲೆ 2022ರ ಮಾರ್ಚ್ 1ರಿಂದ ಲಿಲಿಯಾಲನ್ನೂ ಯುರೋಪಿಯನ್ ಒಕ್ಕೂಟವು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಹೀಗಾಗಿ ತಯಾರಕರು ಅದೇ ಹೂವನ್ನು ಬೇರೆ ಅಣುಗಳಿಂದ ಮತ್ತೊಮ್ಮೆ ಕಟ್ಟಬೇಕಾಗಿ ಬಂತು. ಒಂದು ಲೇಖನಕ್ಕೆ ಇಷ್ಟು ಸಾಮಗ್ರಿ ಸಾಕು. ‘ನಿಸರ್ಗದ ಮಡಿಲ ಅಪೂರ್ವ ಕೊಡುಗೆ’ ಎಂಬಂಥ ಮಾತುಗಳಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಹೂವಿನ ಪರಿಮಳ ವೀರ್ಯಾಣುಗಳನ್ನು ಸೆಳೆಯುತ್ತದೆ, ಆದ್ದರಿಂದ ಬಂಜೆತನಕ್ಕೂ ಇದು ಪರಿಹಾರ ಎಂಬ ಭಾಗವನ್ನು ಪೂರ್ತಿ ತೆಗೆಯಿರಿ, ಅಥವಾ ಸರಿಯಾಗಿ ಹೇಳಿ. 2003ರಲ್ಲಿ ವರದಿಯಾದದ್ದು ಬೂರ್ಜನಾಲ್ ಎಂಬ ಕೃತಕ ಸಂಯುಕ್ತದ ಕಡೆಗೆ ವೀರ್ಯಾಣುಗಳು ಪ್ರಯೋಗಾಲಯದಲ್ಲಿ ಈಜಿದವು ಎಂಬುದು. ಅದರ ವಾಸನೆ ಈ ಹೂವಿನಂತಿದೆ, ಅಷ್ಟೆ. 2012ರ ಹೊತ್ತಿಗೆ, ಆ ಪರಿಣಾಮಕ್ಕೆ ಕಾರಣ ವಾಸನೆಯನ್ನು ಗುರುತಿಸುವ ಗ್ರಾಹಕ (ರಿಸೆಪ್ಟರ್) ಅಲ್ಲ, ಅಧಿಕ ಸಾಂದ್ರತೆಯಲ್ಲಿ ಬೂರ್ಜನಾಲ್ ವೀರ್ಯಾಣುವಿನೊಳಕ್ಕೆ ಕ್ಯಾಲ್ಸಿಯಂ ಬಿಡುವ ವಾಹಿನಿಯನ್ನೇ ನೇರವಾಗಿ ತೆರೆಯುತ್ತದೆ ಎಂದು ತೋರಿಸಲಾಯಿತು. ಮೊದಲ ಸುದ್ದಿಯನ್ನು ಓದಿ ಎರಡನೆಯದನ್ನು ಓದದೆ ಬರೆದರೆ ಹೀಗಾಗುತ್ತದೆ.

ಇನ್ನು ಔಷಧದ ಭಾಗ. ಇಂಗ್ಲೆಂಡಿನ ಮೂಲಿಕಾತಜ್ಞ ಜಾನ್ ಜೆರಾರ್ಡ್ 1597ರ ತನ್ನ ಮೂಲಿಕಾಗ್ರಂಥದಲ್ಲಿ ಈ ಹೂಗಳನ್ನು ಗಾಜಿನ ಪಾತ್ರೆಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ಇರುವೆಗೂಡಿನಲ್ಲಿ ಒಂದು ತಿಂಗಳು ಇಟ್ಟು, ಒಸರಿದ ರಸವನ್ನು ಸಂಧಿವಾತದ ನೋವಿಗೆ ಬಳಸುವಂತೆ ಹೇಳಿದ ಪ್ರಸಂಗವನ್ನು ತಾವು ಚೆನ್ನಾಗಿ ಬರೆದಿದ್ದೀರಿ. ಅದು ಹಾಗೆಯೇ ಇರಲಿ. ಆದರೆ ಅಲ್ಲಿಂದ ತಾವು ಒಂದೇ ನೆಗೆತಕ್ಕೆ ‘ಮನೆಯಲ್ಲೇ ಮಾಡಿಕೊಳ್ಳಬಹುದಾದ ಕಷಾಯ’ಕ್ಕೆ ಬಂದು, ಎಲೆಗಳ ಪ್ರಮಾಣವನ್ನೂ ಕೊಟ್ಟಿದ್ದೀರಿ. ಅದನ್ನು ನಾನು ಯಾವ ಕಾರಣಕ್ಕೂ ಅಚ್ಚಿಗೆ ಬಿಡಲಾರೆ. ಬೇರು, ಎಲೆ, ಹೂವು, ಕೆಂಪು ಹಣ್ಣು, ಈ ಗಿಡದ ಎಲ್ಲವೂ ವಿಷ. ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಕಾನ್ವಲಟಾಕ್ಸಿನ್ ಹೃದಯಕೋಶದಿಂದ ಸೋಡಿಯಂ ಹೊರಹಾಕುವ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ಸೋಡಿಯಂ ಒಳಗೇ ಉಳಿದು, ಅದರ ಪರಿಣಾಮವಾಗಿ ಕ್ಯಾಲ್ಸಿಯಂ ಹೆಚ್ಚಿ, ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಇದೇ ಕ್ರಿಯೆ ತುಸು ಮಿತಿ ಮೀರಿದರೆ ವಾಂತಿ, ನಿಧಾನಗೊಂಡ ನಾಡಿ, ಲಯ ತಪ್ಪಿದ ಬಡಿತ, ಕೆಲವೊಮ್ಮೆ ಸಾವು. ಗಿಡಮೂಲಿಕೆ ಔಷಧಗಳನ್ನು ಪರಿಶೀಲಿಸಿದ ಜರ್ಮನಿಯ ತಜ್ಞರ ಸಮಿತಿ ‘ಕಮಿಷನ್ ಇ’ ಸೌಮ್ಯ ಹೃದಯ ದೌರ್ಬಲ್ಯಕ್ಕೆ ಇದನ್ನು ಒಪ್ಪಿತ್ತು ಎಂದು ತಾವು ಉಲ್ಲೇಖಿಸಿರುವುದು ನಿಜವೇ. ಆದರೆ ಆ ಒಪ್ಪಿಗೆ ಸತ್ವದ ಪ್ರಮಾಣವನ್ನು ಅಳೆದು ನಿಗದಿಪಡಿಸಿದ ಪುಡಿಗೆ ಸಂದದ್ದು, ಕಣ್ಣಳತೆಯಲ್ಲಿ ಕಿತ್ತ ಎಲೆಗಲ್ಲ.

ತಾವು ಬಿಟ್ಟಿರುವ, ಆದರೆ ಸೇರಿಸಲೇಬೇಕಾದ ಸಂಗತಿಯೊಂದಿದೆ. ಯುರೋಪಿನ ಕಾಡುಗಳಲ್ಲಿ ವಸಂತಕಾಲದಲ್ಲಿ ಜನ ತಿನ್ನಲು ಕೊಯ್ಯುವ ಕಾಡುಬೆಳ್ಳುಳ್ಳಿಯ ಎಲೆ ನೋಡಲು ಇದರಂತೆಯೇ ಇರುತ್ತದೆ. ಹಿಸುಕಿ ಮೂಸಿದರೆ ಬೆಳ್ಳುಳ್ಳಿಯ ವಾಸನೆ ಬರಬೇಕು ಎಂಬುದು ವಾಡಿಕೆಯ ಪರೀಕ್ಷೆ. ಆದರೆ ನಾಲ್ಕು ಎಲೆ ಕಿತ್ತ ಮೇಲೆ ಬೆರಳೇ ಬೆಳ್ಳುಳ್ಳಿ ನಾರುವುದರಿಂದ, ಐದನೆಯ ಎಲೆ ಯಾವ ಗಿಡದ್ದಾದರೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನಂಬಬೇಕಾದದ್ದು ಕಣ್ಣನ್ನು: ಕಾಡುಬೆಳ್ಳುಳ್ಳಿಯ ಪ್ರತಿ ಎಲೆಯೂ ನೆಲದಿಂದ ತನ್ನದೇ ತೊಟ್ಟಿನ ಮೇಲೆ ಏಳುತ್ತದೆ, ಲಿಲಿ ಆಫ್ ದ ವ್ಯಾಲಿಯಲ್ಲಿ ಸಾಮಾನ್ಯವಾಗಿ ಎರಡು ಎಲೆಗಳು ಒಂದೇ ಬುಡದಲ್ಲಿ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಕಷಾಯದ ಭಾಗವನ್ನು ತೆಗೆದ ಜಾಗದಲ್ಲಿ ಇದನ್ನು ಬರೆಯಿರಿ.

ಹೀಗೆ ತಿದ್ದಿದರೆ ಲೇಖನ ಈಗಿನ ಅರ್ಧದಷ್ಟಕ್ಕೆ ಇಳಿಯಬಹುದು, ಅದಕ್ಕಾಗಿ ಚಿಂತಿಸಬೇಡಿ. ಶೀರ್ಷಿಕೆಯಲ್ಲಿರುವ ‘ಸಂಜೀವಿನಿ’ಯನ್ನು ಮಾತ್ರ ಮೊದಲು ತೆಗೆದು, ಹೊಸ ಪ್ರತಿಯನ್ನು ನನಗೇ ಕಳುಹಿಸಿ.

ತಮ್ಮ ವಿಶ್ವಾಸಿ,
ಸಂಪಾದಕ