ಟ್ರಯಲ್‌ಗೆ ಸೇರದಿದ್ದರೆ ಅಮ್ಮನಿಗೆ ಸಿಗುವ ಚಿಕಿತ್ಸೆ ಯಾವುದು? ಅದನ್ನು ಮೊದಲು ಕೇಳಿ

ನಿಮ್ಮ ಅಮ್ಮನಿಗೆ 61 ವರ್ಷ. ನಾಲ್ಕು ವರ್ಷದ ಹಿಂದೆ ಮಲ್ಟಿಪಲ್ ಮೈಲೋಮಾ (ಮೂಳೆ ಮಜ್ಜೆಯ ಕ್ಯಾನ್ಸರ್) ಅಂತ ಗೊತ್ತಾಯಿತು, ಹತೋಟಿಗೆ ಬಂದಿತ್ತು, ಈಗ ಮತ್ತೆ ಬಂದಿದೆ. ಡಾಕ್ಟರು ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನಕ್ಕೆ, ಸೇರಿಸೋಣ ಅಂದಿದ್ದಾರೆ. ನಿಮ್ಮ ದೊಡ್ಡಪ್ಪ "ಅವಳ ಮೇಲೆ ಪ್ರಯೋಗ ಮಾಡೋಕೆ ಬಿಡಬೇಡ" ಅಂತ ಹಟ ಹಿಡಿದಿದ್ದಾರೆ. ಸೇರಿಸಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಇದೇ ಕಾಯಿಲೆಯ ನಮ್ಮ ಅಪ್ಪ ಒಂದು ಟ್ರಯಲ್‌ನಲ್ಲಿ 11 ತಿಂಗಳು ಇದ್ದರು. ತಿಪಟೂರಿನಿಂದ ಬೆಂಗಳೂರಿಗೆ ಅವರನ್ನು ಕರೆದುಕೊಂಡು ಓಡಾಡಿದವಳು ನಾನು. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಹಾಗಾಗಿ ದೊಡ್ಡಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ.

ಅಪ್ಪನಿಗೆ ಮೊದಲು ಶುರುವಾಗಿದ್ದು ಬೆನ್ನುನೋವು. ತೋಟದಲ್ಲಿ ತೆಂಗಿನಕಾಯಿ ರಾಶಿ ಹಾಕುವವರಿಗೆ ಬೆನ್ನುನೋವು ಬಾರದೆ ಇರುತ್ತದಾ ಅಂತ ಎಲ್ಲರೂ ಸುಮ್ಮನಾದೆವು. ಆರು ತಿಂಗಳು ಎಣ್ಣೆ ಹಚ್ಚಿದ್ದೇ ಆಯಿತು. ಹಿಮೋಗ್ಲೋಬಿನ್ 7ಕ್ಕೆ ಇಳಿದು, ಕಿಡ್ನಿ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿದಾಗ ಒಬ್ಬ ಡಾಕ್ಟರಿಗೆ ಅನುಮಾನ ಬಂತು. ಮೂಳೆಯೊಳಗಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳು ಹದ್ದು ಮೀರಿ ಬೆಳೆಯುವ ಕ್ಯಾನ್ಸರ್ ಇದು. ಮೂಳೆ ಸವೆಯುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ರಕ್ತ ಕಡಿಮೆಯಾಗುತ್ತದೆ. ಇದೆಲ್ಲ ನಿಮಗೆ ಈಗಾಗಲೇ ಗೊತ್ತಿರುತ್ತದೆ. ಬೋರ್ಟೆಜೊಮಿಬ್, ಲೆನಾಲಿಡೊಮೈಡ್ ಎಂಬ ಔಷಧಿಗಳು, ಜೊತೆಗೆ ಡೆಕ್ಸಾ ಎಂಬ ಸ್ಟೀರಾಯ್ಡ್ ಕೊಟ್ಟರು. ಮೂರು ವರ್ಷ ಚೆನ್ನಾಗಿದ್ದರು. ಆಮೇಲೆ ಎಂ-ಸ್ಪೈಕ್, ಅಂದರೆ ಈ ಕಾಯಿಲೆಯ ಗುರುತಾಗಿ ರಕ್ತದಲ್ಲಿ ಕಾಣುವ ಎಂ-ಪ್ರೋಟೀನ್, ಮತ್ತೆ ಏರಿತು. ಆಗ ಬಂದಿದ್ದು ಟ್ರಯಲ್ ಮಾತು.

"ಪ್ರಯೋಗ" ಅನ್ನುವ ಮಾತಿಗೆ ನನ್ನ ಉತ್ತರ ಇದು. ಅಪ್ಪ ಆ ಮೂರು ವರ್ಷ ಚೆನ್ನಾಗಿ ಬದುಕಿದ್ದು ಹಿಂದೆ ಯಾರೋ ಟ್ರಯಲ್‌ಗೆ ಸೇರಿದ್ದರಿಂದ. ಥಾಲಿಡೊಮೈಡ್ ಕಥೆ ಕೇಳಿದ್ದೀರಾ? 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಮಾರಾಟಕ್ಕೆ ಬಂತು. ಬಸುರಿಯರು ತಿಂದು, ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅಲ್ಲಿ ಮಾರಾಟ ನಿಂತಿತು. ಮುಂದೆ 1997ರ ಕೊನೆಯಲ್ಲಿ, ಮೈಲೋಮಾದಿಂದ ಸಾಯುತ್ತಿದ್ದ ನ್ಯೂಯಾರ್ಕಿನ ಒಬ್ಬ ಹೃದಯ ವೈದ್ಯರ ಹೆಂಡತಿ ಸಿಕ್ಕಸಿಕ್ಕ ಸಂಶೋಧಕರಿಗೆಲ್ಲ ಫೋನ್ ಮಾಡಿದರು. ಅವರಲ್ಲಿ ಜೂಡಾ ಫೋಕ್‌ಮನ್ ಎಂಬ ವಿಜ್ಞಾನಿ, ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಈ ಹಳೆಯ ಮಾತ್ರೆಯನ್ನು ನೋಡಬಹುದು ಅಂದರು. ಅರ್ಕಾನ್ಸಾ ವಿಶ್ವವಿದ್ಯಾಲಯದ ಬಾರ್ಟ್ ಬಾರ್ಲೊಗಿ ಅವರ ತಂಡ ಕೊಟ್ಟು ನೋಡಿತು. ಆ ಹೃದಯ ವೈದ್ಯರು ಉಳಿಯಲಿಲ್ಲ. ಆದರೆ ತಂಡ ಅಲ್ಲಿಗೆ ನಿಲ್ಲಿಸಲಿಲ್ಲ. ಬೇರೆ ಚಿಕಿತ್ಸೆಗಳು ಕೈಕೊಟ್ಟಿದ್ದ 84 ರೋಗಿಗಳ ಮೇಲೆ ಟ್ರಯಲ್ ನಡೆಯಿತು. ಅವರಲ್ಲಿ ಶೇಕಡಾ 32ರಷ್ಟು ಜನರಲ್ಲಿ ಕಾಯಿಲೆ ಇಳಿಯಿತು. 1999ರಲ್ಲಿ ಅದರ ವರದಿ ಬಂತು. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಸೀಮಾ ಸಿಂಘಲ್ ಅವರದು. ಲೆನಾಲಿಡೊಮೈಡ್ ಅದೇ ಥಾಲಿಡೊಮೈಡಿನ ತಂಗಿ ಇದ್ದ ಹಾಗೆ. ಅಮ್ಮ ನಾಲ್ಕು ವರ್ಷದ ಹಿಂದೆ ಬಹುಶಃ ಅದೇ ಮಾತ್ರೆ ನುಂಗಿರುತ್ತಾರೆ. ಆ 84 ಜನರನ್ನು ನಾನು ಆಗಾಗ ನೆನೆಯುತ್ತೇನೆ.

ಹಾಗಂತ ಎಲ್ಲ ಟ್ರಯಲ್ ಹೀಗೇ ಗೆಲ್ಲುವುದಿಲ್ಲ. ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. 2017ರಲ್ಲಿ ಪೆಂಬ್ರೊಲಿಜುಮಾಬ್ ಎಂಬ ಔಷಧಿಯನ್ನು ಮೈಲೋಮಾದ ಮಾತ್ರೆಗಳ ಜೊತೆ ಸೇರಿಸಿ ಕೊಟ್ಟ ಎರಡು ಟ್ರಯಲ್‌ಗಳಲ್ಲಿ, ಅದನ್ನು ಪಡೆದ ಗುಂಪಿನಲ್ಲೇ ಜಾಸ್ತಿ ಜನ ಸತ್ತರು. ಬೇರೆ ಕ್ಯಾನ್ಸರ್‌ಗಳಲ್ಲಿ ಹೆಸರು ಮಾಡಿದ್ದ ಔಷಧಿ ಅದು. ಹೊರಗಿನ ತಜ್ಞರ ಸಮಿತಿ ಲೆಕ್ಕ ನೋಡುತ್ತಲೇ ಇತ್ತು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಜುಲೈನಲ್ಲಿ ತಡೆ ಹಾಕಿತು. ಅಪಾಯ ಇರುವುದು ನಿಜ, ನಡುವೆ ಕಾವಲಿರುವುದೂ ನಿಜ. ಹಾಗಾಗಿ "ಈ ಟ್ರಯಲ್‌ನ ಸುರಕ್ಷತೆಯನ್ನು ಹೊರಗಿನಿಂದ ನೋಡುವವರು ಯಾರು?" ಅಂತ ಕೇಳಲು ನಾಚಿಕೆ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಟ್ರಯಲ್ ಒಳ್ಳೆಯದಾ ಕೆಟ್ಟದ್ದಾ ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಡಾಕ್ಟರನ್ನು ಹೀಗೆ ಕೇಳಿ: "ನಾವು ಬೇಡ ಅಂದರೆ ಅಮ್ಮನಿಗೆ ಯಾವ ಚಿಕಿತ್ಸೆ ಕೊಡುತ್ತೀರಿ? ಅದು ನಮ್ಮ ಕೈಗೆಟುಕುತ್ತದಾ? ಅದರಿಂದ ಎಷ್ಟು ಕಾಲ ಹತೋಟಿಯಲ್ಲಿರಬಹುದು?" ನಮ್ಮಲ್ಲಿ ಬೋರ್ಟೆಜೊಮಿಬ್, ಲೆನಾಲಿಡೊಮೈಡ್‌ಗಳನ್ನು ಭಾರತದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಬಹಳ ಇಳಿದಿದೆ. ಅವನ್ನು ದಾಟಿದ ಮೇಲೆ ಬರುವ ಹೊಸ ಔಷಧಿಗಳ ಬಿಲ್ ಬೇರೆಯೇ ಲೋಕ. ಅಪ್ಪನ ವಿಷಯದಲ್ಲಿ ಟ್ರಯಲ್‌ನ ಹೊರಗಿನ ಆಯ್ಕೆ ಏನು ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಆ ಹಾಳೆ ಮುಂದೆ ಇಟ್ಟುಕೊಂಡಾಗ ಮನೆಯ ಜಗಳ ಅರ್ಧ ತಣ್ಣಗಾಯಿತು. ನಿಮಗೆ ಹೊರಗೇ ಒಳ್ಳೆಯ, ಕೈಗೆಟುಕುವ ಚಿಕಿತ್ಸೆ ಇದ್ದರೆ ಟ್ರಯಲ್ ಬೇಡ ಅನ್ನುವುದೂ ಸರಿಯೇ.

ಎರಡನೆಯದು, ಗುಂಪಿನ ವಿಷಯ. ದೊಡ್ಡ ಟ್ರಯಲ್‌ಗಳಲ್ಲಿ ಯಾರಿಗೆ ಹೊಸದು, ಯಾರಿಗೆ ಹಳೆಯದು ಅಂತ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಡಾಕ್ಟರಿಗೂ ಅದರ ಮೇಲೆ ಹಿಡಿತ ಇರುವುದಿಲ್ಲ. ನಮ್ಮ ಅಪ್ಪ ಹಳೆಯ ಔಷಧಿಯ ಗುಂಪಿಗೆ ಬಿದ್ದರು. ನಮ್ಮ ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. "ನಾವು ಹಳ್ಳಿಯವರು ಅಂತ ಹಳೇದು ಕೊಟ್ರಾ?" ಅಂದರು. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಟ್ರಯಲ್ ನೋಡಿಕೊಳ್ಳುವ ಕೋಆರ್ಡಿನೇಟರ್ ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹಳೆಯ ಗುಂಪು ಅಂದರೆ ಸಕ್ಕರೆ ಮಾತ್ರೆ ಅಲ್ಲ. ಮತ್ತೆ ಬಂದ ಮೈಲೋಮಾಕ್ಕೆ ಈಗಾಗಲೇ ಒಪ್ಪಿಗೆ ಪಡೆದ ಚಿಕಿತ್ಸೆಯನ್ನೇ ಕೊಡುತ್ತಾರೆ. ಪ್ಲಸೀಬೊ, ಅಂದರೆ ಔಷಧಿಯೇ ಇಲ್ಲದ ಮಾತ್ರೆ, ಇದ್ದರೂ ಅದು ಆ ಚಿಕಿತ್ಸೆಯ ಜೊತೆಗೆ ಸೇರುತ್ತದೆ, ಅದರ ಜಾಗದಲ್ಲಿ ಬರುವುದಿಲ್ಲ. ಇದು ಮೈಲೋಮಾ ಟ್ರಯಲ್‌ಗಳಲ್ಲಿ ಸಾಮಾನ್ಯ ಪದ್ಧತಿ. ಆದರೂ ನಿಮ್ಮ ಟ್ರಯಲ್‌ನಲ್ಲಿ ಹೇಗೆ ಅಂತ ಬಾಯಿಬಿಟ್ಟು ಕೇಳಿ.

ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. 2016ರಲ್ಲಿ ಫಲಿತಾಂಶ ಬಂದ ಕ್ಯಾಸ್ಟರ್ ಎಂಬ ಟ್ರಯಲ್‌ನಲ್ಲಿ 498 ಜನ ಇದ್ದರು. ಎಲ್ಲರೂ ಒಮ್ಮೆಯಾದರೂ ಚಿಕಿತ್ಸೆ ಪಡೆದಿದ್ದವರು. ಅರ್ಧ ಜನರಿಗೆ ಬೋರ್ಟೆಜೊಮಿಬ್ ಮತ್ತು ಡೆಕ್ಸಾ. ಉಳಿದವರಿಗೆ ಅದರ ಜೊತೆ ಡಾರಾಟುಮುಮಾಬ್. ಒಂದು ವರ್ಷದ ಹೊತ್ತಿಗೆ ಕಾಯಿಲೆ ಮುಂದುವರಿಯದೆ ಇದ್ದವರು ಹೊಸ ಗುಂಪಿನಲ್ಲಿ ಶೇಕಡಾ 60.7, ಹಳೆಯ ಗುಂಪಿನಲ್ಲಿ 26.9. ವ್ಯತ್ಯಾಸ ಇಷ್ಟು ಸ್ಪಷ್ಟವಾದ ಮೇಲೆ, ಹಳೆಯ ಗುಂಪಿನಲ್ಲಿ ಕಾಯಿಲೆ ಏರಿದವರಿಗೂ ಡಾರಾಟುಮುಮಾಬ್ ಪಡೆಯುವ ಅವಕಾಶ ಕೊಟ್ಟರು. ಇದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಎಲ್ಲ ಟ್ರಯಲ್‌ನಲ್ಲೂ ಇರುವುದಿಲ್ಲ. "ಹಳೆಯ ಗುಂಪಿಗೆ ಬಿದ್ದು ಕಾಯಿಲೆ ಏರಿದರೆ ಹೊಸದು ಸಿಗುತ್ತದಾ?" ಇದನ್ನು ಸಹಿ ಹಾಕುವ ಮೊದಲೇ ಕೇಳಿ. ನಾವು ಕೇಳಿರಲಿಲ್ಲ. ಅಪ್ಪನ ಟ್ರಯಲ್‌ನಲ್ಲಿ ಅದು ಇರಲಿಲ್ಲ ಅಂತ ತಿಳಿದದ್ದು 11 ತಿಂಗಳ ನಂತರ.

ಕಾನೂನಿನ ಬಗ್ಗೆ ದೊಡ್ಡಪ್ಪನಿಗೆ ಹೇಳಬೇಕಾದ ಕೆಲವು ಮಾತುಗಳಿವೆ. ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಯಲ್ಲಿವೆ. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪದೆ ಟ್ರಯಲ್ ಶುರು ಮಾಡುವಂತಿಲ್ಲ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಆ ತೊಂದರೆಗೆ ಟ್ರಯಲ್ಲೇ ಕಾರಣ ಅಂತ ಆದರೆ ಪರಿಹಾರವನ್ನೂ ಕೊಡಬೇಕು. ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು. ಬಂದರೆ ಅಲ್ಲಿನ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಟ್ರಯಲ್ ಮುಗಿದ ಮೇಲೂ ಔಷಧಿ ಉಪಯೋಗವಾಗುತ್ತಿದ್ದರೆ, ಬೇರೆ ದಾರಿ ಇಲ್ಲದಿದ್ದರೆ, ಡಾಕ್ಟರ ಶಿಫಾರಸು ಮತ್ತು ಕಮಿಟಿಯ ಒಪ್ಪಿಗೆಯ ಮೇಲೆ ಅದನ್ನು ಉಚಿತವಾಗಿ ಮುಂದುವರಿಸಲು ಅವಕಾಶವಿದೆ. ಇನ್ನೊಂದು, ಪ್ರತಿ ಟ್ರಯಲ್ಲೂ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಲೇಬೇಕು. 2007ರಲ್ಲಿ ಶುರುವಾಗಿ 2009ರಲ್ಲಿ ಕಡ್ಡಾಯವಾಯಿತು. ಒಪ್ಪಿಗೆ ಪತ್ರದಲ್ಲಿ ಅದರ ಸಂಖ್ಯೆ ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ. ಆ ವೆಬ್‌ಸೈಟಿನಲ್ಲಿ ಹುಡುಕಿದರೆ ಯಾವ್ಯಾವ ಆಸ್ಪತ್ರೆಯಲ್ಲಿ ನಡೆಯುತ್ತಿದೆ, ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಲ್ಲ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಹೆಸರು ಸಿಗದಿದ್ದರೆ ಹೆಜ್ಜೆ ಹಿಂದಿಡಿ. "ಟ್ರಯಲ್ ಔಷಧಿಗೆ ಇಷ್ಟು ಕಟ್ಟಿ" ಅಂತ ಯಾರಾದರೂ ಅಂದರೆ ಖಂಡಿತ ಎದ್ದು ಬನ್ನಿ.

ಸೇರುತ್ತೇವೆ ಅಂದ ಕೂಡಲೇ ಸೇರಿಸಿಕೊಳ್ಳುವುದೂ ಇಲ್ಲ. ಸ್ಕ್ರೀನಿಂಗ್ ಅಂತ ಇರುತ್ತದೆ. ಮತ್ತೆ ಮಜ್ಜೆ ಪರೀಕ್ಷೆ, ಮತ್ತೆ ಸ್ಕ್ಯಾನ್, 24 ಗಂಟೆ ಮೂತ್ರ ಹಿಡಿಯುವುದು. ಕಿಡ್ನಿ ತೀರಾ ಸೋತಿದ್ದರೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ಅಥವಾ ಮೂತ್ರದಲ್ಲಿ ಅಳೆಯುವಷ್ಟು ಎಂ-ಪ್ರೋಟೀನ್ ಇಲ್ಲದಿದ್ದರೆ ಬೇಡ ಅನ್ನಬಹುದು. ನಮ್ಮ ಜೊತೆ ಬಂದಿದ್ದ ಒಬ್ಬ ಅಜ್ಜಿಯನ್ನು ಪ್ಲೇಟ್‌ಲೆಟ್ ಕಾರಣಕ್ಕೆ ವಾಪಸ್ ಕಳಿಸಿದರು. ಅವರ ಮಗ ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಯಾವ ಔಷಧಿ ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು ಅಂತ ಒಂದು ಹಾಳೆ ಮಾಡಿಕೊಳ್ಳಿ. ಅವರು ಮೊದಲು ಕೇಳುವುದೇ ಅದನ್ನು.

ಓಡಾಟದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮಗೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಹೋಗಬೇಕಿತ್ತು. ಬೆಳಗಿನ ಜಾವದ ರೈಲು, ಯಶವಂತಪುರದಲ್ಲಿ ಇಳಿದು ಆಟೊ, ರಕ್ತ ಕೊಟ್ಟು ರಿಪೋರ್ಟ್ ಬರುವವರೆಗೆ ಕಾಯುವುದು, ಆಮೇಲೆ ಇಂಜೆಕ್ಷನ್, ರಾತ್ರಿ ಮನೆ. ಟಿಕೆಟ್ ದುಡ್ಡು ವಾಪಸ್ ಕೊಟ್ಟರು. ನನ್ನ ರಜೆ, ಅಪ್ಪನ ಸುಸ್ತು, ಇವಕ್ಕೆ ಯಾರು ಏನು ಕೊಡುತ್ತಾರೆ? ಡೆಕ್ಸಾ ಕೊಟ್ಟ ದಿನ ಅವರು ರಾತ್ರಿಯಿಡೀ ಎಚ್ಚರ, ಮಾರನೇ ದಿನ ಯಾರೊಡನೆಯೂ ಮಾತಿಲ್ಲ. ಆದರೆ ಒಂದು ಲಾಭ ಕಣ್ಣಾರೆ ಕಂಡೆ. ಪ್ರತಿ ಸಲ ಪರೀಕ್ಷೆ, ಪ್ರತಿ ಸಲ ಪ್ರಶ್ನೆ. ಒಮ್ಮೆ ಫೋನಿನಲ್ಲಿ ಅಪ್ಪನ ಕೆಮ್ಮು ಕೇಳಿಸಿಕೊಂಡೇ ಕೋಆರ್ಡಿನೇಟರ್ ಅವತ್ತೇ ಬರಹೇಳಿದಳು. ನ್ಯುಮೋನಿಯಾ ಶುರುವಾಗಿತ್ತು. ಒಂದು ವಾರ ಇಟ್ಟುಕೊಂಡು ವಾಸಿ ಮಾಡಿ ಕಳಿಸಿದರು.

11 ತಿಂಗಳಿಗೆ ಕಾಯಿಲೆ ಏರಿತು, ಟ್ರಯಲ್‌ನಿಂದ ಹೊರಬಂದರು. ಬೇರೆ ಚಿಕಿತ್ಸೆಯಲ್ಲಿ ಇನ್ನೂ ಒಂದೂವರೆ ವರ್ಷ ಇದ್ದರು. ಟ್ರಯಲ್ ಅವರ ಆಯಸ್ಸು ಹೆಚ್ಚಿಸಿತು ಅಂತ ನಾನು ಹೇಳಲಾರೆ. ಸೇರಿಸಿದ್ದಕ್ಕೆ ಮನೆಯಲ್ಲಿ ಯಾರಿಗೂ ಬೇಸರವಿಲ್ಲ. ಅದಕ್ಕೆ ಒಂದೇ ಕಾರಣ, ತೀರ್ಮಾನ ಅಪ್ಪನದೇ ಆಗಿತ್ತು. ಒಪ್ಪಿಗೆ ಪತ್ರವನ್ನು ಮನೆಗೆ ತಂದೆವು. ಕನ್ನಡದಲ್ಲೇ ಇತ್ತು, 20 ಪುಟಕ್ಕಿಂತ ಜಾಸ್ತಿ, ತುಂಬ ಬಿಗಿ ಕನ್ನಡ. ಅಪ್ಪ ಎರಡು ರಾತ್ರಿ ಜಗಲಿಯ ಮೇಲೆ ಕೂತು ಪೆನ್ಸಿಲ್ ಹಿಡಿದು ಓದಿದರು. ಅರ್ಥವಾಗದ ಕಡೆಯೆಲ್ಲ ಗೆರೆ ಎಳೆದರು. ಮೂರನೇ ದಿನ ಡಾಕ್ಟರ ಮುಂದೆ ಆ ಗೆರೆಗಳನ್ನೇ ಒಂದೊಂದಾಗಿ ಕೇಳಿದರು. ಆಮೇಲೆ ಸಹಿ ಹಾಕಿದರು.

ನಿಮ್ಮ ಪ್ರಶ್ನೆಯಲ್ಲಿ ಡಾಕ್ಟರು ಏನಂದರು ಅಂತ ಇದೆ, ದೊಡ್ಡಪ್ಪ ಏನಂದರು ಅಂತ ಇದೆ. ಅಮ್ಮ ಏನಂದರು ಅಂತ ಇಲ್ಲ. ಪತ್ರವನ್ನು ಮನೆಗೆ ತನ್ನಿ, ಅವರು ಕೊಡುತ್ತಾರೆ. ಕನ್ನಡದ್ದೇ ಕೇಳಿ. ಊಟ ಆದ ಮೇಲೆ ಅಮ್ಮನ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿ, ದೊಡ್ಡಪ್ಪನನ್ನೂ ಕೂರಿಸಿಕೊಳ್ಳಿ. ಅಮ್ಮನ ಕೈಯಲ್ಲಿ ಒಂದು ಪೆನ್ಸಿಲ್ ಇರಲಿ.